ಕಣ್ಣೂ ಕಸುಬೂ

ಕೇಂದ್ರದ ಸಶಸ್ತ್ರ ಪೋಲೀಸ್ ಪಡೆಗಳನ್ನು ಸೇರಬಯಸುವ ಕನ್ನಡಿಗ ತರುಣರಿಗೆ 2024ರಿಂದ ಒಂದು ಅನುಕೂಲ ಒದಗಿದೆ. ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆಯನ್ನು ಅವರು ಕನ್ನಡದಲ್ಲಿಯೇ ಬರೆಯಬಹುದು. ಅದರಲ್ಲಿ ತೇರ್ಗಡೆಯಾದವನು 24 ನಿಮಿಷಗಳೊಳಗೆ 5 ಕಿಲೋಮೀಟರು ಓಡಿ ತೋರಿಸಬೇಕು. ಎತ್ತರವನ್ನೂ ಎದೆಯ ಸುತ್ತಳತೆಯನ್ನೂ ಒಪ್ಪಿಸಬೇಕು. ಇಷ್ಟೆಲ್ಲವನ್ನೂ ಗೆದ್ದ ಮೇಲೆ ಕಟ್ಟಕಡೆಗೆ ವೈದ್ಯರ ಸರದಿ. ಕನ್ನಡಕದ ನೆರವಿಲ್ಲದೆ ಒಂದು ಕಣ್ಣಿಗೆ 6/6, ಇನ್ನೊಂದಕ್ಕೆ 6/9ರಷ್ಟು ದೃಷ್ಟಿಯಿರಬೇಕೆಂಬುದು ಅಲ್ಲಿನ ನಿಯಮ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನೂ ಗುರುತಿಸಿ ಹೇಳಬೇಕು. ಊರಿನ ಕೆರೆಯ ಏರಿಯ ಮೇಲೆ ವರುಷಗಟ್ಟಲೆ ಓಡಿ ಮೈಯನ್ನು ಹುರಿಗೊಳಿಸಿಕೊಂಡ ಹುಡುಗನು, ತನಗೆ ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದೆಂಬುದನ್ನು ಮೊದಲ ಬಾರಿಗೆ ಅರಿಯುವುದು ಎಷ್ಟೋ ವೇಳೆ ಆ ಕೊಠಡಿಯಲ್ಲಿ.

ಇಂಥವನಿಗೆ ಲೋಕ ಹೇಳುವ ಸಮಾಧಾನ ಎರಡು ಬಗೆಯದು. ಹಣೆಯ ಬರಹವೆಂದು ಸುಮ್ಮನಿರು ಎನ್ನುವವರು ಕೆಲವರು. ಮನಸ್ಸಿದ್ದರೆ ಮಾರ್ಗವೆಂದು ಬೆನ್ನು ತಟ್ಟುವವರು ಕೆಲವರು. ಎರಡರಿಂದಲೂ ಅವನಿಗೆ ಕಾಸಿನ ಪ್ರಯೋಜನವಿಲ್ಲ. ಎರಡನೆಯ ಗುಂಪಿನವರು ದಿವಂಗತ ಮನ್ಸೂರ್ ಅಲಿ ಖಾನ್ ಪಟೌಡಿಯವರ ಹೆಸರನ್ನು ತಪ್ಪದೆ ಎತ್ತುವುದರಿಂದ, ಆ ದೃಷ್ಟಾಂತವನ್ನು ತುಸು ವಿವರವಾಗಿ ಪರಿಶೀಲಿಸುವುದು ಯುಕ್ತ. ಪಟೌಡಿ ನಮಗೆ ದೂರದ ಊರೂ ಅಲ್ಲ. ಗುರುಗ್ರಾಮ ಜಿಲ್ಲೆಯಲ್ಲಿಯೇ ಇದೆ.

1961ರ ಜುಲೈ 1ರಂದು ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ಅವರು ಕುಳಿತಿದ್ದ ಮೋಟಾರು ಅಪಘಾತಕ್ಕೀಡಾಗಿ, ಒಡೆದ ಗಾಜಿನ ಚೂರೊಂದು ಬಲಗಣ್ಣನ್ನು ಹೊಕ್ಕಿತು. ಆಗ ಅವರ ವಯಸ್ಸು ಇಪ್ಪತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡಕ್ಕೆ ನಾಯಕರು. ಆ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಯಿತು. ಒಂದೇ ಕಣ್ಣಿನಿಂದ ನೋಡತೊಡಗಿದವನಿಗೆ ಹತ್ತಿರ ದೂರಗಳ ಅಳತೆ ತಪ್ಪುತ್ತದೆ. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಹೋದರೆ ಅದು ಮೇಜಿನ ಮೇಲೆ ಬೀಳುತ್ತಿತ್ತೆಂದೂ, ಸಿಗರೇಟು ಹೊತ್ತಿಸಹೋದರೆ ಬೆಂಕಿ ಅದರ ತುದಿಯನ್ನು ಕಾಲು ಅಂಗುಲ ತಪ್ಪುತ್ತಿತ್ತೆಂದೂ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹೋಟೆಲಿನಲ್ಲಿ ದುಡಿದವರಿಗೆ ಈ ಮಾತಿನ ತೂಕ ಬೇಗನೆ ತಿಳಿದೀತು. ಹಬೆಯಾಡುವ ಸಾಂಬಾರನ್ನು ಓಡಾಡುತ್ತಲೇ ಬಟ್ಟಲಿಗೆ ಬಡಿಸುವುದು ಎಷ್ಟರಮಟ್ಟಿಗೆ ಕಣ್ಣಿನ ಕೆಲಸವೆಂಬುದು ಕೈ ಸುಟ್ಟುಕೊಂಡವನಿಗೇ ಗೊತ್ತು.

ನೀರಿನ ಲೋಟವೇ ತಪ್ಪುವಾತನಿಗೆ ವೇಗದ ಚೆಂಡು ಸಿಕ್ಕುವ ಬಗೆ ಹೇಗೆ? ಅದೇ ವರ್ಷ ಹೈದರಾಬಾದಿನಲ್ಲಿ ಎಂ.ಸಿ.ಸಿ. ತಂಡದ ಎದುರು ಆಡಿದಾಗ ಅವರು ಬಲಗಣ್ಣಿಗೆ ಮಸೂರವನ್ನು ತೊಟ್ಟಿದ್ದರು. ಆಗ ಕಂಡ ಚೆಂಡುಗಳು ಎರಡು, ಆರೇಳು ಅಂಗುಲಗಳ ಅಂತರದಲ್ಲಿ. ಒಳಗಿನದನ್ನೇ ನಿಜವಾದುದೆಂದು ಹಿಡಿದು ಹೊಡೆದರು. ಚಹಾ ವಿರಾಮದಲ್ಲಿ ಮಸೂರವನ್ನು ತೆಗೆದುಹಾಕಿ, ಆ ಕಣ್ಣನ್ನು ಮುಚ್ಚಿಕೊಂಡೇ ಆಡಿ ಒಟ್ಟು 70 ಓಟಗಳನ್ನು ಗಳಿಸಿದರು. ಡಿಸೆಂಬರಿನಲ್ಲಿ ನಮ್ಮ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಅವರ ಮೊದಲ ಟೆಸ್ಟ್ ಪಂದ್ಯ. ಮರು ತಿಂಗಳು ಮದರಾಸಿನಲ್ಲಿ 103 ಓಟ. 1962ರ ಮಾರ್ಚಿಯಲ್ಲಿ ಬಾರ್ಬಡೋಸಿನಲ್ಲಿ ನಾಯಕ ನಾರಿ ಕಾಂಟ್ರಾಕ್ಟರರ ತಲೆಗೆ ಚೆಂಡಿನ ಪೆಟ್ಟು ಬಿದ್ದಾಗ, 21 ವರ್ಷ 77 ದಿನಗಳ ಈ ತರುಣನ ಹೆಗಲಿಗೆ ಭಾರತದ ನಾಯಕತ್ವ ಬಂದಿತು. ಒಟ್ಟು 46 ಟೆಸ್ಟ್ ಪಂದ್ಯಗಳಲ್ಲಿ 2793 ಓಟಗಳು, ಆರು ಶತಕಗಳು. ಅವುಗಳಲ್ಲಿ ಅತಿ ದೊಡ್ಡದಾದ 203 ಬಂದುದು 1964ರಲ್ಲಿ ಇದೇ ಕೋಟ್ಲಾದಲ್ಲಿ. ನಮ್ಮ ಮೈಸೂರಿನ ಶ್ರೀ ಬಿ. ಎಸ್. ಚಂದ್ರಶೇಖರರು ಆ ವರ್ಷವೇ ಪಟೌಡಿಯವರ ನಾಯಕತ್ವದಲ್ಲಿ ಮೊದಲ ಟೆಸ್ಟ್ ಆಡಿದರು. ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಅವರು 242 ವಿಕೆಟುಗಳನ್ನು ಉರುಳಿಸಿದುದು ಕನ್ನಡಿಗರಿಗೆ ತಿಳಿದ ವಿಷಯ. 2011ರ ಸೆಪ್ಟೆಂಬರ್ 22ರಂದು ದೆಹಲಿಯಲ್ಲಿ ಪಟೌಡಿಯವರು ತೀರಿಕೊಂಡಾಗ, ಉಳಿದಿದ್ದ ಒಳ್ಳೆಯ ಕಣ್ಣನ್ನು ಅವರ ಇಚ್ಛೆಯಂತೆ ದಾನ ಮಾಡಲಾಯಿತು.

ಇದನ್ನೆಲ್ಲ ಓದಿ ಮನೋಬಲವೊಂದಿದ್ದರೆ ಸಾಕೆಂದು ಹೇಳಹೊರಟವರು ಇಂಗ್ಲೆಂಡಿನ ಕಾಲಿನ್ ಮಿಲ್ಬರ್ನರ ಕಥೆಯನ್ನೂ ಓದತಕ್ಕದ್ದು. ಭಾರಿ ಹೊಡೆತಗಳಿಗೆ ಹೆಸರಾಗಿದ್ದ ಆತ 1969ರ ಮೇ ತಿಂಗಳ ಮೋಟಾರು ಅಪಘಾತದಲ್ಲಿ ಎಡಗಣ್ಣನ್ನು ಕಳೆದುಕೊಂಡರು. ಬಲಗೈ ದಾಂಡಿಗನು ಎಡಭುಜವನ್ನು ಮುಂದು ಮಾಡಿ ನಿಲ್ಲುವುದರಿಂದ ಬರುವ ಚೆಂಡಿಗೆ ಎಡಗಣ್ಣೇ ಮುಂದಿನದು. ಪಟೌಡಿಯವರಿಗೆ ಉಳಿದದ್ದು ಆ ಕಣ್ಣು. ಮಿಲ್ಬರ್ನರಿಗೆ ಹೋದದ್ದು ಅದೇ. 1973ರಲ್ಲಿ ಮರಳಿ ಆಟಕ್ಕಿಳಿದ ಮಿಲ್ಬರ್ನರು ಎರಡು ವರ್ಷ ಹೆಣಗಿ ಕೈಬಿಡಬೇಕಾಯಿತು. ಅವರಲ್ಲಿ ಛಲ ಕಡಮೆಯಾಗಿತ್ತೆಂದು ಯಾರು ಹೇಳಬಲ್ಲರು? ಯಾವ ಕಣ್ಣು, ಎಷ್ಟು ದೋಷ, ಯಾವ ಕೆಲಸ ಎಂಬುದನ್ನು ಬಿಡಿಬಿಡಿಯಾಗಿ ನೋಡಿಯೇ ತೀರ್ಮಾನಿಸಬೇಕಾದ ವಿಷಯವಿದು.

ಪಟೌಡಿಯವರ ಅರ್ಹತೆ ನಿರ್ಣಯವಾದುದು ಮೈದಾನದಲ್ಲಿ, ಚೆಂಡಿನ ಎದುರಿನಲ್ಲಿ. ನವಾಬರ ಮಗನಾದುದರಿಂದ ಆ ಅವಕಾಶ ಸುಲಭವಾಗಿ ದೊರಕಿತೆಂದು ಯಾರಾದರೂ ಅಂದರೆ ನಾವು ಅಲ್ಲಗಳೆಯೆವು. ಬಡವನ ಮಗನಿಗೂ ಅಂಥ ಪರೀಕ್ಷೆ ದೊರಕಬೇಕೆಂಬುದೇ ನಮ್ಮ ವಾದ. ಸರಕಾರದ ನಿಯಮಗಳೂ ಅಲ್ಪಸ್ವಲ್ಪ ಈ ದಿಕ್ಕಿಗೆ ಹೊರಳಿವೆ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆಯುಳ್ಳವರಿಗೆ ವಾಹನ ಚಾಲನೆಯ ಪರವಾನಗಿ ಕೊಡಬಹುದೆಂದು 2020ರ ಜೂನ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ತಮಿಳುನಾಡಿನ ವಿದ್ಯುತ್ ನಿಗಮವು ವರ್ಣಾಂಧನೆಂದು ತಿರಸ್ಕರಿಸಿದ್ದ ಇಂಜಿನಿಯರರೊಬ್ಬರಿಗೆ ತಕ್ಕ ವಿಭಾಗದಲ್ಲಿ ಕೆಲಸ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಹಾಗೆಂದು ಎಲ್ಲ ಬಾಗಿಲುಗಳನ್ನೂ ತೆರೆದಿಡಿರೆಂದು ನಾವು ಕೇಳುವುದಿಲ್ಲ. ಸಾವಿರ ಜನರನ್ನು ಹೊತ್ತ ರೈಲನ್ನು ನಡೆಸುವವನು ಕೆಂಪು ದೀಪವನ್ನು ಹಸುರೆಂದು ಭ್ರಮಿಸಕೂಡದು. ಆದರೆ ಅಂಥ ಕಟ್ಟುನಿಟ್ಟನ್ನು ಯಾವ ಕೆಲಸಕ್ಕೆ ಏಕೆ ವಿಧಿಸಲಾಗಿದೆ ಎಂಬುದನ್ನು ಅಧಿಕಾರಿವರ್ಗ ಹೇಳಬಲ್ಲದಾಗಿರಬೇಕು.

ಸೇವೆಯಲ್ಲಿರುವಾಗಲೇ ದೃಷ್ಟಿ ಕುಂದಿದವರು ಇನ್ನೊಂದು ಮಾತನ್ನು ತಿಳಿದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಸೇವೆಯ ಅವಧಿಯಲ್ಲಿ ಅಂಗವೈಕಲ್ಯ ಹೊಂದಿದ ನೌಕರನನ್ನು ಸರಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ. ಹುದ್ದೆಯಿಂದ ಕೆಳಗಿಳಿಸುವಂತೆಯೂ ಇಲ್ಲ. ಅದೇ ಸಂಬಳದ ಬೇರೆ ಕೆಲಸಕ್ಕೆ ವರ್ಗಾಯಿಸಬೇಕು. ದೋಷ ಬಯಲಾದರೆ ಅನ್ನ ಹೋದೀತೆಂಬ ಅಂಜಿಕೆಯಿಂದ ಅದನ್ನು ಬಚ್ಚಿಟ್ಟುಕೊಂಡು ಬಸ್ಸು ಓಡಿಸುವವನು ತನಗೂ ಪರರಿಗೂ ಅಪಾಯವನ್ನು ತಂದುಕೊಳ್ಳುತ್ತಾನೆ. ಅವನು ಕಾಯಿದೆಯ ಆಸರೆಯನ್ನು ಕೇಳಿ ಪಡೆಯಲಿ.

ನೇಮಕಾತಿ ನಡೆಸುವವರಲ್ಲಿ ನಮ್ಮ ಬೇಡಿಕೆ ಒಂದೇ: ಕಣ್ಣಿನ ಪರೀಕ್ಷೆಯನ್ನು ಕೊನೆಯಿಂದ ಮೊದಲಿಗೆ ತನ್ನಿರಿ. ಅಕ್ಷರದ ಪಟ, ಚುಕ್ಕೆಗಳ ಪುಸ್ತಕ, ಹತ್ತು ನಿಮಿಷಗಳ ವೇಳೆ. ಇದಕ್ಕಿಂತ ಹೆಚ್ಚಿನ ಏರ್ಪಾಟೇನೂ ಬೇಕಿಲ್ಲ. ಅಲ್ಲಿಯವರೆಗೆ ಈ ಕೆಲಸವನ್ನು ದೆಹಲಿ ಕರ್ನಾಟಕ ಸಂಘದಂತಹ ಸಂಸ್ಥೆಗಳು ವರ್ಷಕ್ಕೊಂದು ಶಿಬಿರ ನಡೆಸಿ ಮಾಡಬಹುದು. ದರಿಯಾಗಂಜಿನ ಶ್ರಾಫ್ ಧರ್ಮಾರ್ಥ ಕಣ್ಣಾಸ್ಪತ್ರೆ, ಏಮ್ಸ್‌ನ ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ ನಮ್ಮ ಊರಿನಲ್ಲಿಯೇ ಇವೆ. ಅರ್ಜಿ ಹಾಕುವ ಮುನ್ನ ಹುಡುಗರು ಅಲ್ಲಿಗೆ ಹೋಗಿಬರುವುದು ಲೇಸು.

ನಮ್ಮ ಹೋಟೆಲುದಾರ ಬಂಧುಗಳಿಗೂ ಒಂದು ಮಾತು. 2016ರ ಕಾಯಿದೆಯ ಆ ಕಲಮು ಖಾಸಗಿ ಅಡಿಗೆಮನೆಯನ್ನು ಮುಟ್ಟುವುದಿಲ್ಲ. ಒಗ್ಗರಣೆಯ ಎಣ್ಣೆ ಸಿಡಿದೋ ಪೊರೆ ಬೆಳೆದೋ ಕಣ್ಣು ಕೆಟ್ಟ ಮಾಣಿಯನ್ನು ಊರಿನ ಬಸ್ಸು ಹತ್ತಿಸುವ ಮೊದಲು ಅವನನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುವುದುಂಟು. ಮರಳದಿದ್ದರೆ ಎಣ್ಣೆಯ ಬಾಣಲೆಯಿಂದ ಬಿಡಿಸಿ ಹಿಟ್ಟು ರುಬ್ಬುವಲ್ಲಿಗೋ ಉಗ್ರಾಣಕ್ಕೋ ಹಾಕಿರಿ. ಸಂಬಳವನ್ನು ಮೊದಲಿನಂತೆಯೇ ಕೊಡಿರಿ.