ಗುಲಾಬಿಗೆ ಗಿರಾಕಿ ಇದೆ, ‘ಒಲ್ಲೆ’ಗೆ ಇಲ್ಲ

ಫೆಬ್ರವರಿ 14 ಬಂತೆಂದರೆ ರಿಪ್ಪನ್‌ಪೇಟೆಯ ಫ್ಯಾನ್ಸಿ ಅಂಗಡಿಗಳ ಬಾಗಿಲಿಗೆ ಕೆಂಪು ಹೃದಯಗಳು ನೇತುಬೀಳುತ್ತವೆ. ನಿನ್ನೆಯ ಬೆಲೆಗೆ ಇವತ್ತು ಗುಲಾಬಿ ಸಿಗುವುದಿಲ್ಲ. ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವ ಹಿರಿಯರದು ಅದೇ ಗೊಣಗಾಟ: ‘ಇದೆಲ್ಲ ಪರದೇಶದ ರೋಗ ಮಾರಾಯ್ರೆ.’ ಇರಬಹುದು. ಆದರೆ ಅವರು ನಿಂತು ಬೈಯುವುದು 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ನನ ಹೆಸರು ಹೊತ್ತ ಪೇಟೆಯಲ್ಲಿ! ಅವನ ಹೆಸರು ಜೀರ್ಣವಾಯಿತು, ವ್ಯಾಲೆಂಟೈನ್ ಸಂತನದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಈ ಸಂತನನ್ನು ಓಡಿಸಲು ಹಾಕಿದ ಉಪಾಯಗಳು ಒಂದೆರಡಲ್ಲ. 2009ರಲ್ಲಿ ಶ್ರೀರಾಮ ಸೇನೆಯ ಮುತಾಲಿಕರು, ಅಂದು ಜೋಡಿಯಾಗಿ ಕಂಡವರಿಗೆ ಮದುವೆಯನ್ನೇ ಮಾಡಿಸುತ್ತೇವೆ ಎಂದು ಗುಡುಗಿದರು. ಮದುವೆಯನ್ನು ಶಿಕ್ಷೆ ಎಂದು ಬಹಿರಂಗವಾಗಿ ಒಪ್ಪಿಕೊಂಡ ಮೊದಲ ಸಂಘಟನೆ ಅದೇ ಇರಬೇಕು. ಅನುಭವಸ್ಥ ಗಂಡಂದಿರು ಒಳಗೊಳಗೇ ತಲೆಯಾಡಿಸಿದರು. ಉತ್ತರವಾಗಿ ದೇಶದ ಮೂಲೆಮೂಲೆಯಿಂದ ಹೆಣ್ಣುಮಕ್ಕಳು ಹುಬ್ಬಳ್ಳಿಗೆ ಗುಲಾಬಿ ಬಣ್ಣದ ಚಡ್ಡಿ ಪಾರ್ಸೆಲ್ ಮಾಡಿದರು. 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ, ಅವತ್ತು ದನವನ್ನು ತಬ್ಬಿಕೊಳ್ಳಿ ಎಂದಿತು. ನಾಲ್ಕೇ ದಿನದಲ್ಲಿ ಆ ಕರೆ ವಾಪಸ್. ನಮ್ಮ ಮಲೆನಾಡು ಗಿಡ್ಡದ ಹಿಂಗಾಲಿನ ಪರಿಚಯವಿದ್ದವರು ಯಾರೋ ದಿಲ್ಲಿಗೆ ಫೋನು ಮಾಡಿರಬೇಕು.

ಇಷ್ಟೆಲ್ಲ ಗಲಾಟೆ ಪ್ರೀತಿ ಶುರುವಾಗುವುದರ ಬಗ್ಗೆ. ಮುಗಿಯುವುದರ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಶುರುವಿಗೆ ಕಾರ್ಡುಂಟು, ಚಾಕೊಲೇಟುಂಟು. ಮುಗಿಸುವುದಕ್ಕೆ ಏನಿದೆ? ಮದುವೆಯಾದವರಿಗಾದರೆ ಕೋರ್ಟು ಇದೆ. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯನ್ನು ಹಿಂದೂ ವಿವಾಹ ಕಾಯ್ದೆಗೆ 1976ರಲ್ಲೇ ಸೇರಿಸಿದ್ದಾರೆ. ವರ್ಷ ಬೇರೆ ಇದ್ದು ಅರ್ಜಿ ಕೊಡಬೇಕು, ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸಂದರ್ಭ ನೋಡಿ ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮದುವೆಯಾಗದೆ ಪ್ರೀತಿಸಿದವರಿಗೆ ಅರ್ಜಿಯೂ ಇಲ್ಲ, ವಾಯಿದೆಯೂ ಇಲ್ಲ. ಫೋನು ಎತ್ತದಿದ್ದರೆ ಅದೇ ತೀರ್ಪು.

ಹಳೆಯ ಕಾಲದಲ್ಲಿ ಚೆನ್ನಾಗಿತ್ತು ಅನ್ನಬೇಡಿ. ಸಾಗರದ ಕಡೆ ಹೊರಟರೆ ಆನಂದಪುರದ ಬಳಿ ಚಂಪಕ ಸರಸ್ಸು ಸಿಗುತ್ತದೆ. ಕೆಳದಿಯ ವೆಂಕಟಪ್ಪ ನಾಯಕ, ಬಾಗಿಲಲ್ಲಿ ಚೆಂದದ ರಂಗೋಲಿ ಹಾಕುತ್ತಿದ್ದ ಚಂಪಕೆಗೆ ಮನಸೋತನಂತೆ. ಊರು ಆಡಿಕೊಂಡಿತು, ರಾಣಿ ಅನ್ನ ಬಿಟ್ಟು ಸತ್ತಳು, ಎಲ್ಲಾ ನನ್ನಿಂದಲೇ ಎಂದು ಚಂಪಕೆ ವಜ್ರದ ಪುಡಿ ಬೆರೆಸಿದ ಹಾಲು ಕುಡಿದಳು. ಇದು ಜನ ಹೇಳುವ ಕಥೆ. ಕಥೆಯಲ್ಲಿ ಸತ್ತದ್ದು ಇಬ್ಬರು ಹೆಂಗಸರು. ನಾಯಕರು ಉಳಿದು ಕೊಳ ಕಟ್ಟಿಸಿದರು. ಈಗ ಅಲ್ಲಿ ಜೋಡಿಗಳು ನಿಂತು ಫೋಟೋ ತೆಗೆಸಿಕೊಳ್ಳುತ್ತವೆ.

ನಗಬೇಡಿ, ಲೆಕ್ಕ ಇನ್ನೂ ಹಾಗೇ ಇದೆ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ತಿಂಗಳು ತುಂಬಲಿಲ್ಲ, ಮೇ 15ರಂದು ಅದೇ ಊರಲ್ಲಿ ಇನ್ನೊಬ್ಬ ಹುಡುಗಿಯನ್ನು ಮನೆಗೇ ನುಗ್ಗಿ ಕೊಂದರು. ಎರಡರಲ್ಲೂ ಕೇಳಿಬಂದ ಕಾರಣ ಹೆಚ್ಚುಕಮ್ಮಿ ಒಂದೇ: ಆಕೆ ಒಲ್ಲೆ ಅಂದಿದ್ದಳು.

ಹುಬ್ಬಳ್ಳಿ ದೂರ ಅನ್ನುತ್ತೀರಾ? ಬೆಳಗಿನ ಶಿವಮೊಗ್ಗ ಬಸ್ಸು ಹತ್ತಿ ನೋಡಿ. ಕಾಲೇಜು ಹುಡುಗಿಯ ಹಿಂದಿನ ಸೀಟನ್ನೇ ದಿನಾ ಹಿಡಿಯುವವನೊಬ್ಬ ಇರುತ್ತಾನೆ. ಅವಳು ಮುಂದೆ ಹೋದರೆ ಇವನೂ ಮುಂದೆ. ಬೇಡವೆಂದ ಮೇಲೂ ಬೆನ್ನು ಬೀಳುವುದು 2013ರಿಂದ ಅಪರಾಧ. ಬಸ್ಸಿನಲ್ಲಿ ಅದಕ್ಕೆ ಈಗಲೂ ‘ಲವ್ವು’ ಎಂದೇ ಹೆಸರು. ನಾವು ಪ್ರಯಾಣಿಕರು ಕಿಟಕಿಯಾಚೆ ಅಡಿಕೆ ತೋಟ ನೋಡುತ್ತೇವೆ. ನಾನೂ ನೋಡಿದ್ದೇನೆ.

ಮೊನ್ನೆ ಅಂಗಡಿಯವರೊಬ್ಬರಿಗೆ ಹೇಳಿದೆ: ‘ಈ ಸಲ ಇನ್ನೊಂದು ನಮೂನೆ ಕಾರ್ಡು ತರಿಸಿ ಸ್ವಾಮಿ. ಒಲ್ಲೆ ಅಂದದ್ದು ಗೊತ್ತಾಯ್ತು, ಸುಖವಾಗಿರು. ಅಷ್ಟೇ ಬರೆದಿರಲಿ.’

ಅವರು ಹೃದಯಗಳ ಧೂಳು ಕೊಡವುತ್ತ ಅಂದರು: ‘ತರಿಸಬಹುದು. ಗಂಡು ಹುಡುಗ್ರು ತಗಳ್ಳಲ್ಲ.’