ಇನ್ನೊಬ್ಬರ ಪೊಟ್ಟಣ

ಮಗ ಗಲ್ಫ್‌ಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಕರಾವಳಿಯ ಮನೆಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಚಾವಡಿಯ ಮಧ್ಯೆ ರಟ್ಟಿನ ಪೆಟ್ಟಿಗೆ ಬಾಯ್ತೆರೆದು ಕೂತಿರುತ್ತದೆ. ಉಪ್ಪಿನಕಾಯಿಯ ಬಾಟಲಿಗೆ ಪ್ಲಾಸ್ಟಿಕ್ ಸುತ್ತಬೇಕು, ಹಲಸಿನ ಹಪ್ಪಳ ಪುಡಿಯಾಗದಂತೆ ಬಟ್ಟೆಯ ಮಡಿಕೆಯೊಳಗೆ ಇಡಬೇಕು, ಒಣಮೀನಿನ ವಾಸನೆ ಹೊರಬಾರದಂತೆ ಮೂರು ಪದರ ಕಟ್ಟಬೇಕು. ತೂಕ ನೋಡುವ ತಕ್ಕಡಿ ನೆರೆಮನೆಯಿಂದ ಬರುತ್ತದೆ. ಅದರ ಹಿಂದೆಯೇ ನೆರೆಮನೆಯವರ ಪೊಟ್ಟಣವೂ ಬರುತ್ತದೆ. "ಹೆಚ್ಚೇನಿಲ್ಲ, ಒಂದು ಕಿಲೋ ಹಲ್ವಾ. ನಮ್ಮ ಹುಡುಗ ರೂಮಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ."

ಕಳೆದ ವರ್ಷ ನನ್ನ ತಂಗಿಯ ಮಗ ದುಬೈಗೆ ಹೊರಟಾಗಲೂ ಹೀಗೆಯೇ ಆಯಿತು. ಪೊಟ್ಟಣಕ್ಕೆ ಬಟ್ಟೆ ಹೊಲಿದು, ಮೇಲೆ ಕಂದು ಬಣ್ಣದ ಟೇಪು ಸುತ್ತಿತ್ತು. ತಂಗಿ ಅದನ್ನು ಪೆಟ್ಟಿಗೆಗೆ ಹಾಕಲು ಕೈ ಚಾಚಿದಾಗ ಅವಳ ಸೊಸೆ ಮೆಲ್ಲಗೆ, "ಉಮ್ಮ, ಒಮ್ಮೆ ಬಿಚ್ಚಿ ನೋಡಿಯೇ ಇಡುವ" ಎಂದಳು. ಪೊಟ್ಟಣ ತಂದ ನೆರೆಮನೆಯ ತಾಯಿ ಅಲ್ಲೇ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು. ಲೋಟ ಅಲ್ಲಿಯೇ ನಿಂತಿತು. ಇಪ್ಪತ್ತು ವರ್ಷಗಳ ನೆರೆಹೊರೆ. ಹೆರಿಗೆಗೂ ಮಯ್ಯಿತ್ತಿಗೂ ಮೊದಲು ಓಡಿ ಬರುವವರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ 'ಈ ಹುಡುಗಿಯದು ಸ್ವಲ್ಪ ಅತಿಯಾಯಿತು' ಎಂದೇ ಅನಿಸಿತ್ತು.

ಮನೆಗೆ ಬಂದ ಮೇಲೆ ನನಗೆ ನೆನಪಾದದ್ದು ದೋಹಾದ ಪ್ರಕರಣ. ನಿಮ್ಮಲ್ಲಿ ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. 2019ರ ಜುಲೈಯಲ್ಲಿ ಮುಂಬೈಯ ಒಂದು ಮುಸ್ಲಿಮ್ ದಂಪತಿ ಕತಾರ್‌ಗೆ ಹೊರಟಿತ್ತು. ಪ್ರವಾಸದ ಖರ್ಚು ಪೂರ್ತಿ ಗಂಡನ ಕಡೆಯ ಅತ್ತೆಯದು. ಹೆಂಡತಿ ಗರ್ಭಿಣಿ, ಈಗ ಬೇಡ ಎಂದು ಹುಡುಗ ಹಿಂಜರಿದರೂ ಅತ್ತೆ ಬಿಡಲಿಲ್ಲ. ಹೊರಡುವಾಗ ಒಂದು ಪೊಟ್ಟಣ ಕೊಟ್ಟರು. ಅದರಲ್ಲಿರುವುದು ಜರ್ದಾ, ಪರಿಚಯದವರಿಗೆ ತಲುಪಿಸಬೇಕು ಎಂದರು. ದೋಹಾ ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿದಾಗ ಸಿಕ್ಕಿದ್ದು ನಾಲ್ಕು ಕಿಲೋಗಿಂತ ಹೆಚ್ಚು ಹಶೀಶ್. ಇಬ್ಬರಿಗೂ ತಲಾ ಹತ್ತು ವರ್ಷ ಜೈಲು, ಮೇಲೆ ದಂಡ. 2020ರ ಫೆಬ್ರವರಿಯಲ್ಲಿ ಆ ಹುಡುಗಿ ಸೆರೆಯಲ್ಲಿದ್ದುಕೊಂಡೇ ಹೆಣ್ಣುಮಗುವನ್ನು ಹೆತ್ತಳು.

ಅವರನ್ನು ಉಳಿಸಿದ್ದು ಊರಿನಲ್ಲಿದ್ದ ಹಿರಿಯರ ಓಡಾಟ ಮತ್ತು ಮನೆಯಲ್ಲಿ ಉಳಿದಿದ್ದ ಒಂದು ಫೋನ್. ಅದರಲ್ಲಿ ಅತ್ತೆಯ ಜೊತೆಗಿನ ಮಾತುಕತೆ ರೆಕಾರ್ಡ್ ಆಗಿತ್ತು. ಹುಡುಗಿಯ ತಂದೆ ಮುಂಬೈಯಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೋಗೆ ದೂರು ಕೊಟ್ಟರು. ತನಿಖೆಯಾಯಿತು, ಪೊಟ್ಟಣ ಕಳಿಸಿದವರು ಸಿಕ್ಕಿಬಿದ್ದರು, ಆ ದಾಖಲೆಗಳು ನಮ್ಮ ದೂತಾವಾಸದ ಮೂಲಕ ಕತಾರ್ ತಲುಪಿದವು. 2021ರ ಜನವರಿಯಲ್ಲಿ ಅಲ್ಲಿನ ಮೇಲಿನ ನ್ಯಾಯಾಲಯ, ಇವರಿಗೆ ಅಪರಾಧದ ಉದ್ದೇಶ ಇತ್ತೇ ಎಂಬುದನ್ನು ಮತ್ತೆ ಪರಿಶೀಲಿಸಬೇಕು ಎಂದಿತು. ಮಾರ್ಚ್ ಕೊನೆಗೆ ಖುಲಾಸೆ. ಏಪ್ರಿಲ್‌ನಲ್ಲಿ, ರಮಝಾನಿನ ಮೊದಲ ದಿನಗಳಲ್ಲಿ, ಒಂದು ವರ್ಷ ದಾಟಿದ ಮಗುವನ್ನು ಎತ್ತಿಕೊಂಡು ಅವರು ಮುಂಬೈಯಲ್ಲಿ ಇಳಿದರು. ಸುಮಾರು ಇಪ್ಪತ್ತೊಂದು ತಿಂಗಳು! ಆ ಫೋನ್ ಇಲ್ಲದಿದ್ದರೆ? ಆ ತಂದೆಗೆ ಕಚೇರಿಯಿಂದ ಕಚೇರಿಗೆ ಅಲೆಯುವ ತ್ರಾಣ ಇಲ್ಲದಿದ್ದರೆ?

ಹೀಗೆ ಸಿಕ್ಕಿಬೀಳಲು ಸಂಬಂಧವೇ ಬೇಕೆಂದಿಲ್ಲ, ದ್ವೇಷವೂ ಸಾಕು. 2023ರ ಏಪ್ರಿಲ್‌ನಲ್ಲಿ ಮುಂಬೈಯ ಯುವ ನಟಿಯೊಬ್ಬರು ಶಾರ್ಜಾದಲ್ಲಿ ಸೆರೆಯಾದರು. ಅವಕಾಶ ಕೊಡಿಸುತ್ತೇವೆಂದು ಕಳಿಸಿದವರು ಕೈಗಿತ್ತ ಟ್ರೋಫಿಯೊಳಗೆ ಮಾದಕವಸ್ತು ಅಡಗಿತ್ತು. ಆಕೆಯ ತಾಯಿಯೊಂದಿಗೆ ಹಿಂದೊಮ್ಮೆ ನಾಯಿಯ ವಿಷಯಕ್ಕೆ ಜಗಳವಾಡಿದ್ದ ವ್ಯಕ್ತಿಯೇ ಹೀಗೆ ಸೇಡು ತೀರಿಸಿಕೊಂಡನೆಂದು ಮುಂಬೈ ಪೊಲೀಸರು ಹೇಳಿದರು. ಮೂರು ವಾರಗಳ ಮೇಲೆ ಆಕೆ ಜೈಲಿನಿಂದ ಹೊರಬಂದರು.

ಗಲ್ಫ್ ದೇಶಗಳ ಕಾನೂನು ಈ ವಿಷಯದಲ್ಲಿ ಬಹಳ ಬಿಗಿ. ವಸ್ತು ಯಾರ ಚೀಲದಲ್ಲಿ ಸಿಕ್ಕಿತೋ ಅವನೇ ಮೊದಲ ಆರೋಪಿ. 'ನನಗೆ ಗೊತ್ತಿರಲಿಲ್ಲ' ಎಂಬುದು ಹೇಳುವುದಕ್ಕೆ ಸುಲಭ, ತಿಳಿಯದ ಭಾಷೆಯ ಕೋರ್ಟಿನಲ್ಲಿ, ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ ನಿಂತು ಸಾಬೀತುಪಡಿಸುವುದು ಸುಲಭವಲ್ಲ. ಸ್ಥಳೀಯನಿಗೆ ಮನೆಯವರಿದ್ದಾರೆ, ವಕೀಲನನ್ನು ಹುಡುಕುವ ಅಣ್ಣತಮ್ಮಂದಿರಿದ್ದಾರೆ. ಕೆಲಸಕ್ಕೆ ಹೋದವನಿಗೆ ಅಲ್ಲಿ ಇರುವುದು ಒಂದು ವೀಸಾ ಮತ್ತು ಅದನ್ನು ಕೊಟ್ಟ ಧಣಿ.

ಸೌದಿ ಅರೇಬಿಯಾದ ವಿಷಯ ಇನ್ನೂ ಗಂಭೀರ. ಅಲ್ಲಿನ ಹಿರಿಯ ಉಲಮಾಗಳ ಮಂಡಳಿ 1987ರಲ್ಲಿ ಮಾದಕವಸ್ತು ಸಾಗಾಟಗಾರರಿಗೆ ಮರಣದಂಡನೆ ವಿಧಿಸಬಹುದೆಂದು ತೀರ್ಮಾನಿಸಿತು. ಇದು ಕುರ್‌ಆನ್ ನಿಗದಿಪಡಿಸಿದ ಶಿಕ್ಷೆಯಲ್ಲ, ಆಡಳಿತ ಮತ್ತು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ 'ತಅ್‌ಝೀರ್' ಎಂಬ ವರ್ಗದ್ದು. ನಡುವೆ ಸುಮಾರು ಮೂರು ವರ್ಷ ಇಂಥ ಪ್ರಕರಣಗಳಲ್ಲಿ ಮರಣದಂಡನೆ ನಿಂತಿತ್ತು. 2022ರ ನವೆಂಬರ್ 10ರಿಂದ ಮತ್ತೆ ಶುರುವಾಯಿತು. ಮೊದಲ ಎರಡು ವಾರಗಳೊಳಗೆ 17 ಮಂದಿ: ಏಳು ಸೌದಿಗಳು, ನಾಲ್ವರು ಸಿರಿಯನ್ನರು, ಮೂವರು ಪಾಕಿಸ್ತಾನಿಗಳು, ಮೂವರು ಜೋರ್ಡಾನಿನವರು. ಆಮ್ನೆಸ್ಟಿ ಸಂಸ್ಥೆಯ ಲೆಕ್ಕದಲ್ಲಿ 2014ರ ಜನವರಿಯಿಂದ 2025ರ ಜೂನ್‌ವರೆಗೆ ಅಲ್ಲಿ ಮಾದಕವಸ್ತು ಪ್ರಕರಣಗಳಲ್ಲಿ ಮರಣದಂಡನೆಗೆ ಒಳಗಾದವರು 597 ಮಂದಿ, ಅವರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ವಿದೇಶೀಯರು.

ಅವರಲ್ಲೊಬ್ಬ ಜೋರ್ಡಾನಿನ ಡ್ರೈವರ್. ಎಂಟು ಮಕ್ಕಳ ತಂದೆ. 2014ರಲ್ಲಿ ಗಡಿ ದಾಟುವಾಗ ಆತನ ಕಾರಿನಲ್ಲಿ ಆಂಫೆಟಮಿನ್ ಮಾತ್ರೆಗಳು ಸಿಕ್ಕಿದವು. ನನ್ನದಲ್ಲ, ಹೊಡೆದು ಒಪ್ಪಿಸಿದರು ಎಂದು ಆತ ಕೊನೆಯವರೆಗೂ ಹೇಳಿದ. ಬಂಧನವೇ ನ್ಯಾಯಬಾಹಿರ ಎಂದ ವಿಶ್ವಸಂಸ್ಥೆಯ ತಜ್ಞರು ಬಿಡುಗಡೆಗೆ ಒತ್ತಾಯಿಸಿದರು. ತಂಗಿ ವರ್ಷಗಟ್ಟಲೆ ಬಾಗಿಲು ಬಾಗಿಲು ತಟ್ಟಿದಳು. 2023ರ ಮಾರ್ಚ್ 12ರಂದು ಶಿಕ್ಷೆ ಜಾರಿಯಾಯಿತು. ಮನೆಯವರಿಗೆ ಮುಂಚಿತವಾಗಿ ತಿಳಿಸಿರಲೂ ಇಲ್ಲ.

ನಾನು ಮಾದಕವಸ್ತು ವಿರುದ್ಧದ ಕಠಿಣ ಕಾನೂನಿನ ವಿರೋಧಿಯಲ್ಲ. ಗಾಂಜಾ, ಮಾತ್ರೆಗಳ ಚಟಕ್ಕೆ ಬಿದ್ದ ಮಗನನ್ನು ಕಟ್ಟಿಹಾಕಿ ಕೂತ ತಾಯಂದಿರನ್ನು ನಮ್ಮ ಊರುಗಳಲ್ಲೇ ಕಂಡಿದ್ದೇನೆ. ಆದರೆ ಶಿಕ್ಷೆ ಯಾರ ಕುತ್ತಿಗೆಗೆ ಬೀಳುತ್ತಿದೆ? ಮಾಲಿನ ಒಡೆಯ ಯಾವತ್ತೂ ಚೀಲ ಹೊರುವುದಿಲ್ಲ. ಹೊರುವವನು ಸಾಲಗಾರ, ಡ್ರೈವರ್, ಮೊದಲ ಬಾರಿ ವಿಮಾನ ಹತ್ತಿದವ. ಸಂಶಯವಿದ್ದಲ್ಲಿ ಶಿಕ್ಷೆಯಿಂದ ದೂರ ಸರಿಯಬೇಕೆಂಬ ತತ್ವವನ್ನು ನಮ್ಮ ಫುಕಹಾಗಳು ಎಷ್ಟು ಜತನದಿಂದ ಕಟ್ಟಿಕೊಟ್ಟಿದ್ದಾರೆ! ಮರಳಿ ತರಲಾಗದ ಜೀವದ ವಿಷಯದಲ್ಲಿ ಅದು ಇನ್ನೂ ಬಿಗಿಯಾಗಿ ನಿಲ್ಲಬೇಕಾಗಿತ್ತು.

ಕೆಲವೆಡೆ ಕಾನೂನು ಸ್ವಲ್ಪ ಸಡಿಲವೂ ಆಗಿದೆ. ಹಿಂದೆ ದುಬೈಯಲ್ಲಿ ಶೂವಿನ ಅಡಿಗೆ ಅಂಟಿದ್ದ 0.003 ಗ್ರಾಂ ಗಾಂಜಾಕ್ಕೆ ಒಬ್ಬ ಬ್ರಿಟಿಷ್ ಪ್ರಜೆಗೆ ನಾಲ್ಕು ವರ್ಷ ಶಿಕ್ಷೆಯಾಗಿತ್ತು. 2008ರಲ್ಲಿ ಕ್ಷಮೆ ಸಿಕ್ಕಿ ಆತ ಮನೆ ಸೇರಿದ. 2022ರ ಆರಂಭದಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಯು.ಎ.ಇ. ಮೊದಲ ಸಲ ಸೇವಿಸಿ ಸಿಕ್ಕಿಬಿದ್ದವರ ಕನಿಷ್ಠ ಶಿಕ್ಷೆಯನ್ನು ಎರಡು ವರ್ಷದಿಂದ ಮೂರು ತಿಂಗಳಿಗೆ ಇಳಿಸಿತು. ಆದರೆ ಸಾಗಾಟದ ಆರೋಪಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಇನ್ನು ನಮ್ಮ ಅಡುಗೆಮನೆಯ ಮಾತು. ಗಸಗಸೆ! ಪಾಯಸಕ್ಕೂ ಕುರ್ಮಾಕ್ಕೂ ನಾವು ಅರೆಯುವ ಅದೇ ಬಿಳಿ ಗಸಗಸೆ ಅಫೀಮಿನ ಗಿಡದ ಬೀಜ. ಯು.ಎ.ಇ.ಗೂ ಸೌದಿಗೂ ಅದನ್ನು ಒಯ್ಯುವಂತಿಲ್ಲ. ಮಗನಿಗೆ ಇಷ್ಟವೆಂದು ಮಸಾಲೆ ಪುಡಿಗೆ ಸೇರಿಸಿ ಕಳಿಸುವುದೂ ಬೇಡ. ಔಷಧಿಯ ಚೀಲವನ್ನೂ ನೋಡಿ: ಕೋಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಟ್ರಮಡಾಲ್, ನಿದ್ದೆಯ ಅಲ್‌ಪ್ರಝೋಲಾಮ್, ನರನೋವಿನ ಪ್ರೆಗಾಬಲಿನ್. ಇಲ್ಲಿ ಡಾಕ್ಟರೇ ಬರೆದುಕೊಟ್ಟ ಮಾತ್ರೆ ಅಲ್ಲಿ ನಿಯಂತ್ರಿತ ವಸ್ತು. ಚೀಟಿ ಜೊತೆಗಿರಬೇಕು, ಆಯಾ ದೇಶದ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಟ್ರಮಡಾಲ್‌ನ 290 ಮಾತ್ರೆಗಳನ್ನು ತನ್ನವನ ಬೆನ್ನುನೋವಿಗೆಂದು ಈಜಿಪ್ಟ್‌ಗೆ ಒಯ್ದ ಬ್ರಿಟಿಷ್ ಮಹಿಳೆಗೆ 2017ರ ಡಿಸೆಂಬರಿನಲ್ಲಿ ಮೂರು ವರ್ಷ ಜೈಲಾಯಿತು. ಬೇರೆಯವರ ಮಾತ್ರೆಯನ್ನಂತೂ ಒಯ್ಯಲೇಬಾರದು.

ತಂಗಿಯ ಮನೆಯ ವಿಷಯಕ್ಕೆ ಬರುತ್ತೇನೆ. ಆ ರಾತ್ರಿ ಸೊಸೆ ಕತ್ತರಿ ತಂದು ಹೊಲಿಗೆ ಬಿಚ್ಚಿದಳು. ಒಳಗಿದ್ದದ್ದು ಹಲ್ವಾವೇ, ತುಪ್ಪ ಒಸರುವ ಕಪ್ಪು ಹಲ್ವಾ. ಅದನ್ನು ಹೊಸ ಡಬ್ಬಕ್ಕೆ ಹಾಕಿ, ಮೇಲೆ ಹೆಸರು ಬರೆದು, ಪೆಟ್ಟಿಗೆಯಲ್ಲಿಟ್ಟಳು. ನೆರೆಮನೆಯ ತಾಯಿ ಚಹಾ ಮುಗಿಸದೆ ಎದ್ದು ಹೋದರು. ನಾಲ್ಕು ತಿಂಗಳು ಆ ಕಡೆ ಸುಳಿಯಲಿಲ್ಲ. ತಂಗಿ ಎರಡು ಸಲ ಹೋಗಿ ಮಾತಾಡಿಸಿದಳು, ಮುಖ ಕೊಡಲಿಲ್ಲ. ಮೊನ್ನೆ ಅವರ ಕಿರಿಯ ಮಗನಿಗೂ ವೀಸಾ ಬಂತು. ಹೊರಡುವ ಹಿಂದಿನ ದಿನ ಅವರೇ ಬಂದು ಬಾಗಿಲಲ್ಲಿ ನಿಂತು ತಂಗಿಯ ಸೊಸೆಯನ್ನು ಕರೆದರಂತೆ. "ಮಗಳೇ, ಯಾರ್ಯಾರೋ ಏನೇನೋ ತಂದಿಟ್ಟಿದ್ದಾರೆ. ನಿನ್ನ ಆ ಕತ್ತರಿ ಹಿಡಿದುಕೊಂಡು ಸ್ವಲ್ಪ ಬಾ."