ಒಂದು ಸೇರು ಸೊಳೆ ಎಂದರೆ ಎಷ್ಟು?

ಬೆಂಗಳೂರಿನಲ್ಲಿರುವ ನನ್ನ ತಂಗಿ ಕಳೆದ ವಾರ ಫೋನ್ ಮಾಡಿ, "ಅಣ್ಣಾ, ಅಮ್ಮನ ಚೀಟಿಯಂತೆಯೇ ಹಲಸಿನ ಹಣ್ಣಿನ ಕೊಟ್ಟಿಗೆ ಮಾಡಿದೆ. ಎಷ್ಟು ಬೇಯಿಸಿದರೂ ಗಟ್ಟಿಯಾಗಲೇ ಇಲ್ಲ" ಎಂದು ದೂರಿದಳು. ಚೀಟಿಯಲ್ಲಿದ್ದುದು ಇಷ್ಟೇ: ಒಂದು ಸೇರು ಅಕ್ಕಿಗೆ ಎರಡು ಸೇರು ಸೊಳೆ. ಅಮ್ಮ ಅಳೆಯುತ್ತಿದ್ದುದು ಹೆಚ್ಚಿದ ಸೊಳೆಯನ್ನು. ತಂಗಿ ಅಳೆದದ್ದು ರುಬ್ಬಿದ್ದನ್ನು.

ಗಣಿತದ ಮೇಷ್ಟ್ರಾದ ನಾನು ಸುಮ್ಮನಿರಲಾರದೆ ತಕ್ಕಡಿ ಹಿಡಿದೆ. ಲೀಟರ್ ಪಾತ್ರೆ ತುಂಬ ಹೆಚ್ಚಿದ ಸೊಳೆ ಸುಮಾರು 700 ಗ್ರಾಂ ತೂಗಿತು. ರುಬ್ಬಿದ್ದು ಅದೇ ಪಾತ್ರೆಯಲ್ಲಿ ಒಂದು ಕಿಲೋಗಿಂತ ತುಸು ಹೆಚ್ಚೇ. ಚೂರುಗಳ ನಡುವೆ ಗಾಳಿಯಿದೆ, ರುಬ್ಬಿದ್ದರಲ್ಲಿ ಇಲ್ಲ. ಎರಡು ಲೀಟರಿಗೆ 600 ಗ್ರಾಂ ಹಣ್ಣು ಹೆಚ್ಚಾದರೆ ಹಿಟ್ಟು ನೀರಾಗದೆ ಇನ್ನೇನಾದೀತು?

ಸಾಲದ್ದಕ್ಕೆ 'ಸೇರು' ಎಂಬ ಮಾತೇ ಎರಡರ್ಥದ್ದು. ಪಾತ್ರೆಯ ಸೇರು ಒಂದು. 80 ತೊಲದ, ಅಂದರೆ ಸುಮಾರು 933 ಗ್ರಾಂ ತೂಕದ ಸೇರು ಇನ್ನೊಂದು. ಮೆಟ್ರಿಕ್ ತೂಕ-ಅಳತೆಗಳ ಕಾಯಿದೆ 1956ರಲ್ಲೇ ಆದರೂ ನಮ್ಮ ಅಡುಗೆಮನೆಗೆ ಅದು ಪೂರ್ತಿ ಕಾಲಿಟ್ಟಿಲ್ಲ. ಅಕ್ಕಿಯನ್ನು ಸೇರಿನಲ್ಲೇ ಅಳೆಯಲಿ, ನನ್ನ ತಕರಾರಿಲ್ಲ. ಹಣ್ಣು ಹಾಗಲ್ಲ.

ಪತ್ರಿಕೆಗಳಿಗೆ ಪಾಕವಿಧಾನ ಕಳುಹಿಸುವ ಸೋದರಿಯರಲ್ಲಿ ನನ್ನ ವಿನಂತಿ: ಬೀಜ ತೆಗೆದ ಹಣ್ಣಿನ ತೂಕವನ್ನು ಗ್ರಾಂಗಳಲ್ಲಿ ಬರೆಯಿರಿ. ಮನೆಯ ಹಿರಿಯರು ಕೈಯಳತೆಯಲ್ಲಿ ಮಾಡುವಾಗ ಪಕ್ಕದಲ್ಲೊಂದು ತಕ್ಕಡಿ ಇಟ್ಟುಕೊಳ್ಳಿ. ನಮ್ಮಮ್ಮ ಇದ್ದಾಗ ನಾನದನ್ನು ಮಾಡಲಿಲ್ಲ. ಅವರ ಹಪ್ಪಳದ ಚೀಟಿಯಲ್ಲಿ 'ಒಂದು ಮೊರ ಸೊಳೆ' ಎಂದಿದೆ. ಆ ಮೊರ ಈಗ ಮನೆಯಲ್ಲಿಲ್ಲ.